ಗೋವೆಯ ಯಾತ್ರೆ: ಜಲಪಾತ, ದ್ವೀಪ, ಹಳೆಯ ನಗರ

ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ನವೆಂಬರ್ ಕೊನೆಯ ವಾರ ಬಂತೆಂದರೆ ನಮ್ಮ ಅನೇಕ ಧರ್ಮಕೇಂದ್ರಗಳಿಂದ ಗೋವೆಗೆ ಬಸ್ಸುಗಳು ಹೊರಡುತ್ತವೆ. ಕೆಲವರು ನೊವೇನಾಕ್ಕೆ ಹೋಗುತ್ತಾರೆ, ಕೆಲವರು ಹಬ್ಬದ ದಿನಕ್ಕೆ, ಇನ್ನು ಕೆಲವರು ಕ್ರಿಸ್ಮಸ್ ರಜೆಯಲ್ಲಿ. ಪಣಜಿಯಲ್ಲಿ ಎರಡು ಮೂರು ದಿನ ಉಳಿದು, ಬೆಳಿಗ್ಗೆ ಹೊರಟು ಸಂಜೆಗೆ ಮರಳುವಂತೆ ಒಂದು ದಿನ ದೂಧಸಾಗರ, ಒಂದು ದಿನ ದ್ವೀಪ, ಮತ್ತೊಂದು ದಿನ ಹಳೇ ಗೋವಾ ನೋಡಿ ಬರುವುದು ವಾಡಿಕೆ. ನೋಡಿ ಬಂದವರನ್ನು ‘ಏನು ಕಂಡಿರಿ?’ ಎಂದು ಕೇಳಿದರೆ ‘ದೊಡ್ಡ ದೊಡ್ಡ ಚರ್ಚುಗಳು, ಸಂತರ ಶರೀರ’ ಎಂಬ ಉತ್ತರ ಬರುತ್ತದೆ. ಅದು ನಿಜವೇ. ಆದರೆ ಆ ನೆಲ ನಮ್ಮೊಡನೆ ಆಡುವ ಮಾತು ಇನ್ನೂ ಬಹಳವಿದೆ. ಕನ್ನಡ ನಾಡಿನ ಕ್ರೈಸ್ತರಾದ ನಮ್ಮೊಡನೆಯಂತೂ ಹೆಚ್ಚಾಗಿಯೇ ಇದೆ.

ಈ ಮೂರೂ ಸ್ಥಳಗಳನ್ನು ಒಂದೇ ನದಿ ಕಟ್ಟಿಹಾಕಿದೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಮಹಾದಾಯಿಯಾಗಿ ಹುಟ್ಟಿ, ಘಟ್ಟ ಇಳಿದು, ಗೋವೆಯಲ್ಲಿ ಮಾಂಡೋವಿಯಾಗಿ ಪಣಜಿಯ ಬಳಿ ಸಮುದ್ರ ಸೇರುವ ನದಿ ಅದು. ಆ ನೀರಿನ ದಾರಿಯಲ್ಲೇ ನಾವೂ ಹೋಗೋಣ.

ಘಟ್ಟದ ಹಾಲು

ಪಣಜಿಯಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಕರ್ನಾಟಕದ ಗಡಿಯಲ್ಲೇ, ದೂಧಸಾಗರ ಜಲಪಾತವಿದೆ. ಸುಮಾರು 310 ಮೀಟರ್ ಎತ್ತರದಿಂದ ಮೆಟ್ಟಿಲು ಮೆಟ್ಟಿಲಾಗಿ ಧುಮುಕುವ ನೀರು ದೂರದಿಂದ ಹಾಲು ಚೆಲ್ಲಿದಂತೆ ಕಾಣುವುದರಿಂದ ಆ ಹೆಸರು. ಈ ನೀರು ಖಾಂಡೇಪಾರ್ ಹೊಳೆಯಾಗಿ ಹರಿದು ಮಾಂಡೋವಿಯನ್ನು ಸೇರುತ್ತದೆ. ಜಲಪಾತದ ಎದುರಿನಲ್ಲೇ ಹಾದುಹೋಗುವ ರೈಲು ಮಾರ್ಗವನ್ನು 1880ರ ದಶಕದಲ್ಲಿ ಹಾಕಲಾಯಿತು. ಕ್ಯಾಸಲ್‌ರಾಕ್ ಮೂಲಕ ನಮ್ಮ ಬಯಲುಸೀಮೆಯನ್ನು ಮುರ್ಮುಗೋವಾ ಬಂದರಿಗೆ ಜೋಡಿಸಿದ್ದು ಇದೇ ಮಾರ್ಗ. ಮಳೆಗಾಲ ಮುಗಿದ ಮೇಲೆ ಕುಳೆಂ ಊರಿನಿಂದ ಅರಣ್ಯದೊಳಗೆ ಜೀಪುಗಳು ಹೋಗುತ್ತವೆ. ಯುವಜನರಿಗೆ ಒಂದು ಮಾತು: ಹಳಿಯ ಮೇಲೆ ನಡೆದು ಜಲಪಾತಕ್ಕೆ ಹೋಗುವ ಸಾಹಸ ಬೇಡ. ಅದಕ್ಕೆ ನಿಷೇಧವಿದೆ, ಜೀವಕ್ಕೂ ಅಪಾಯವಿದೆ.

ಅದೇ ಘಟ್ಟದ ಬುಡದಲ್ಲಿ, ದಟ್ಟ ಕಾಡಿನ ನಡುವೆ, ತಾಂಬ್ಡಿ ಸುರ್ಲಾ ಎಂಬಲ್ಲಿ ಕಪ್ಪು ಕಲ್ಲಿನ ಮಹಾದೇವ ದೇವಸ್ಥಾನವೊಂದಿದೆ. ಕದಂಬರ ಕಾಲದ್ದು, ಸುಮಾರು 12–13ನೇ ಶತಮಾನದ ಕಟ್ಟಡ. ನಮ್ಮ ಉತ್ತರ ಕನ್ನಡ, ಧಾರವಾಡ ಕಡೆಯ ಹಳೆಯ ಗುಡಿಗಳನ್ನು ಕಂಡವರಿಗೆ ಅದು ಪರಿಚಿತ ಮುಖದಂತೆ ತೋರುತ್ತದೆ. ಗೋವೆಯನ್ನು ಆಳಿದ ಕದಂಬರು ಕನ್ನಡದಲ್ಲಿ ಶಾಸನಗಳನ್ನು ಹಾಕಿಸಿದವರು. ಇಂದಿಗೂ ಗೋವೆಯ ಸರ್ಕಾರಿ ಬಸ್ಸಿನ ಮೇಲೆ ‘ಕದಂಬ’ ಎಂಬ ಹೆಸರನ್ನು ನೋಡಬಹುದು. ಈ ಗುಡಿ ಉಳಿದದ್ದು ಕಾಡಿನ ಮರೆಯಲ್ಲಿ ಇದ್ದುದರಿಂದ. ಬಯಲಿನಲ್ಲಿದ್ದವು ಉಳಿಯಲಿಲ್ಲ. ಅದನ್ನು ತಿಳಿಯಲು ದ್ವೀಪಕ್ಕೆ ಹೋಗಬೇಕು.

ದಿವಾರ್ ದ್ವೀಪದ ಕಲ್ಲುಗಳು

ಹಳೇ ಗೋವಾದ ದಡದಿಂದ ದೋಣಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ದಿವಾರ್ ದ್ವೀಪ. ಪಕ್ಕದ ಚೊರಾವ್ ದ್ವೀಪದಲ್ಲಿ ಕಾಂಡ್ಲಾ ಕಾಡಿನ ನಡುವೆ ಸಲೀಂ ಅಲಿ ಪಕ್ಷಿಧಾಮವಿದೆ. ಮಕ್ಕಳಿಗೆ ಅದೂ ಇಷ್ಟವಾಗುತ್ತದೆ. ದಿವಾರಿನಲ್ಲಿ ಗದ್ದೆಗಳು, ಹೆಂಚಿನ ಮನೆಗಳು, ಗುಡ್ಡದ ಮೇಲೆ ಪಿಯೆದಾದೆ ಮಾತೆಯ ಬಿಳಿಯ ದೇವಾಲಯ. ಅಲ್ಲಿಂದ ಮಾಂಡೋವಿಯೂ ಹಳೇ ಗೋವಾದ ಗೋಪುರಗಳೂ ಒಂದೇ ನೋಟದಲ್ಲಿ ಕಾಣುತ್ತವೆ.

ಈ ದ್ವೀಪದಲ್ಲೇ ಕದಂಬ ಅರಸರ ಕುಲದೇವರಾದ ಸಪ್ತಕೋಟೇಶ್ವರನ ದೇವಸ್ಥಾನವಿತ್ತು. 14ನೇ ಶತಮಾನದಲ್ಲಿ ಬಹಮನಿ ಸೈನ್ಯ ಅದನ್ನು ಕೆಡವಿತು. ಅದೇ ಶತಮಾನದ ಕೊನೆಯಲ್ಲಿ ವಿಜಯನಗರದ ಅಧಿಕಾರಿ ಮಾಧವ ಮಂತ್ರಿ ಮತ್ತೆ ಕಟ್ಟಿಸಿದನು. 16ನೇ ಶತಮಾನದಲ್ಲಿ ಪೋರ್ಚುಗೀಸರು ಪುನಃ ಕೆಡವಿದರು. ಭಕ್ತರು ಲಿಂಗವನ್ನು ಹೊಳೆ ದಾಟಿಸಿ ನಾರ್ವೆಗೆ ಒಯ್ದರು. ಅಲ್ಲಿನ ದೇವಸ್ಥಾನವನ್ನು 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದನು. ದಿವಾರಿನ ಗುಡ್ಡದ ಸ್ಮಶಾನದಲ್ಲಿರುವ ಪುಟ್ಟ ಪ್ರಾರ್ಥನಾಲಯದಲ್ಲಿ ಕದಂಬರ ಕಾಲದ ಕೆತ್ತನೆಯ ಕಲ್ಲುಗಳು ಇಂದಿಗೂ ಕಾಣುತ್ತವೆ.

ಪ್ರಿಯ ಓದುಗರೇ, ಈ ಕಲ್ಲುಗಳ ಮುಂದೆ ನಿಂತ ಮಗು ‘ಇದು ಇಲ್ಲಿಗೆ ಹೇಗೆ ಬಂತು?’ ಎಂದು ಕೇಳಿದರೆ ನಾವು ಏನು ಹೇಳಬೇಕು? ‘ಗೊತ್ತಿಲ್ಲ, ಬಾ’ ಎಂದು ಕೈಹಿಡಿದು ಎಳೆಯುವುದು ಸುಲಭ. ‘ಆಗಿನ ಕಾಲವೇ ಹಾಗೆ’ ಎನ್ನುವುದು ಇನ್ನೂ ಸುಲಭ. ಎರಡೂ ಸರಿಯಲ್ಲ. ಇನ್ನೊಬ್ಬರ ಪೂಜಾಸ್ಥಳವನ್ನು ಕೆಡವಿದ್ದು ತಪ್ಪು ಎಂದು ಮಗುವಿಗೆ ನೇರವಾಗಿ ಹೇಳಬೇಕು. ನಮ್ಮ ವಿಶ್ವಾಸ ಅದರಿಂದ ಕುಗ್ಗುವುದಿಲ್ಲ. ಸತ್ಯಕ್ಕೆ ಹೆದರುವ ವಿಶ್ವಾಸ ಮಾತ್ರ ಕುಗ್ಗುತ್ತದೆ.

ಏರಿದ ನಗರ, ಇಳಿದ ನಗರ

ಇನ್ನು ಹಳೇ ಗೋವಾ. ಪಣಜಿಯಿಂದ ಹತ್ತು ಕಿಲೋಮೀಟರಿನಷ್ಟು ದಾರಿ. ರಾಯಬಂದರಿನ ಉದ್ದಕ್ಕೂ ಬಸ್ಸು ಓಡುವ ಆ ಕಲ್ಲಿನ ಸೇತುಮಾರ್ಗವೂ 1633–34ರಷ್ಟು ಹಳೆಯದು.

ಪೋರ್ಚುಗೀಸರು ಬರುವ ಮುನ್ನ ಇದು ಬಿಜಾಪುರದ ಆದಿಲ್ ಶಾಹಿಗಳ ಬಂದರು. ಅರೇಬಿಯಾ, ಪರ್ಷಿಯಾಗಳ ಕುದುರೆಗಳು ಇಲ್ಲಿ ಇಳಿದು ಘಟ್ಟ ಹತ್ತಿ ಬಿಜಾಪುರಕ್ಕೂ ವಿಜಯನಗರಕ್ಕೂ ಹೋಗುತ್ತಿದ್ದವು. ಗೋವೆಯ ಮೇಲೆ ದಾಳಿ ಮಾಡುವಂತೆ ಅಫೊನ್ಸೊ ದೆ ಅಲ್ಬುಕರ್ಕನನ್ನು ಹುರಿದುಂಬಿಸಿದವನು ನಮ್ಮ ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸರು ಅವನನ್ನು ತಿಮೋಜ ಎಂದು ಕರೆದರು. 1510ರ ನವೆಂಬರ್ 25ರಂದು, ಸಂತ ಕ್ಯಾಥರೀನಳ ಹಬ್ಬದ ದಿನ, ನಗರ ಅಲ್ಬುಕರ್ಕನ ಕೈಸೇರಿತು. ಅದಕ್ಕೇ ಅಲ್ಲಿನ ಪ್ರಧಾನಾಲಯ ಸಂತ ಕ್ಯಾಥರೀನಳಿಗೆ ಅರ್ಪಿತವಾಗಿದೆ. 1562ರಲ್ಲಿ ಆರಂಭವಾದ ಅದರ ಕಟ್ಟಡ 1619ಕ್ಕೆ ಮುಗಿಯಿತು. ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿದ್ದುಹೋಯಿತು. ಉಳಿದ ಗೋಪುರದಲ್ಲಿ ‘ಚಿನ್ನದ ಗಂಟೆ’ ಎಂದು ಹೆಸರಾದ ದೊಡ್ಡ ಗಂಟೆ ತೂಗುತ್ತಿದೆ.

ಗೋವೆಯನ್ನು ಕಂಡವನಿಗೆ ಲಿಸ್ಬನ್ ಕಾಣುವ ಅಗತ್ಯವಿಲ್ಲ ಎಂಬ ಮಾತು ಒಂದು ಕಾಲದಲ್ಲಿತ್ತು. ಅಂತಹ ನಗರ ಏಕೆ ಬರಿದಾಯಿತು? 1565ರಲ್ಲಿ ವಿಜಯನಗರ ಬಿದ್ದಾಗ ಕುದುರೆ ವ್ಯಾಪಾರಕ್ಕೆ ಪೆಟ್ಟು ಬಿತ್ತು. 17ನೇ ಶತಮಾನದಲ್ಲಿ ಡಚ್ಚರ ಹಡಗುಗಳು ನದಿಯ ಬಾಯಿಯನ್ನೇ ತಡೆದವು. ಎಲ್ಲಕ್ಕಿಂತ ಹೆಚ್ಚಾಗಿ, ಕಿಕ್ಕಿರಿದ ಊರಿನ ಕೊಳಕು ಬಾವಿಯ ನೀರಿಗೆ ಸೇರಿ ಕಾಲರಾದಂತಹ ರೋಗಗಳು ಮತ್ತೆ ಮತ್ತೆ ಜನರನ್ನು ಕೊಂದವು. 1759ರಲ್ಲಿ ವೈಸ್‌ರಾಯ್ ತನ್ನ ವಾಸವನ್ನು ಪಣಜಿಗೆ ಬದಲಿಸಿದನು. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಹಳೆಯ ಅರಮನೆಗಳ ಕಲ್ಲುಗಳು ಹೊಸ ಊರಿನ ಗೋಡೆಗಳಾದವು.

ಗುಡ್ಡದ ಮೇಲೆ ಒಂಟಿಯಾಗಿ ನಿಂತ 46 ಮೀಟರ್ ಎತ್ತರದ ಸಂತ ಅಗಸ್ಟೀನರ ಗೋಪುರವನ್ನು ತಪ್ಪದೆ ನೋಡಿ. 1602ರಲ್ಲಿ ಪೂರ್ಣವಾದ ಆ ದೇವಾಲಯವನ್ನು 1835ರಲ್ಲಿ ಸರ್ಕಾರ ಸನ್ಯಾಸಿ ಸಭೆಗಳನ್ನು ಮುಚ್ಚಿಸಿದಾಗ ಬಿಟ್ಟುಬಿಡಲಾಯಿತು. 1842ರಲ್ಲಿ ಚಾವಣಿ ಕುಸಿಯಿತು. 1931ರಲ್ಲಿ ಮುಂಭಾಗ ಬಿತ್ತು. ಅದರ ಗಂಟೆ ಇಂದು ಪಣಜಿಯ ಅಮಲೋದ್ಭವ ಮಾತೆಯ ದೇವಾಲಯದಲ್ಲಿ ಬಾರಿಸುತ್ತಿದೆ. ಈ ಪಾಳುಗೋಡೆಗಳ ನಡುವೆ ಪುರಾತತ್ವ ಇಲಾಖೆಗೆ ದೊರೆತ ಮೂಳೆಗಳು ಜಾರ್ಜಿಯಾದ ರಾಣಿ ಕೇತೆವಾನಳವೆಂದು ಹೈದರಾಬಾದಿನ ವಿಜ್ಞಾನಿಗಳ ಡಿಎನ್‌ಎ ಪರೀಕ್ಷೆ ಸೂಚಿಸಿತು. ವಿಶ್ವಾಸವನ್ನು ತೊರೆಯಲು ಒಪ್ಪದೆ 1624ರಲ್ಲಿ ಪರ್ಷಿಯಾದ ಶಿರಾಜಿನಲ್ಲಿ ಪ್ರಾಣ ಕೊಟ್ಟ ಆಕೆ ಆರ್ಥೊಡಾಕ್ಸ್ ಸಭೆಯವಳು. ಆಕೆಯ ಅವಶೇಷವನ್ನು ಗೌರವದಿಂದ ತಂದಿಟ್ಟವರು ಕಥೋಲಿಕ ಗುರುಗಳು. 2021ರ ಜುಲೈಯಲ್ಲಿ ಭಾರತ ಅದನ್ನು ಜಾರ್ಜಿಯಾಕ್ಕೆ ಒಪ್ಪಿಸಿತು.

ಇಬ್ಬರು ಸಂತರು

ಬೊಮ್ ಜೆಸು ಬಸಿಲಿಕಾಕ್ಕೆ 1594ರಲ್ಲಿ ಅಡಿಗಲ್ಲು ಬಿತ್ತು. 1605ರಲ್ಲಿ ಅದು ಪವಿತ್ರೀಕರಣಗೊಂಡಿತು. ಸಂತ ಫ್ರಾನ್ಸಿಸ್ ಝೇವಿಯರರ ಶರೀರ ಇರುವುದು ಇಲ್ಲೇ. ಬೆಳ್ಳಿಯ ಪೆಟ್ಟಿಗೆ ಗೋವೆಯ ಅಕ್ಕಸಾಲಿಗರ ಕೈಕೆಲಸ. ಕೆಳಗಿನ ಅಮೃತಶಿಲೆಯ ಪೀಠ ಇಟಲಿಯ ಟಸ್ಕನಿಯ ದೊರೆ ಕಳುಹಿಸಿದ್ದು. ಹತ್ತು ವರ್ಷಗಳಿಗೊಮ್ಮೆ ನಡೆಯುವ ದರ್ಶನ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು.

1542ರ ಮೇ 6ರಂದು ಗೋವೆಗೆ ಬಂದ ಝೇವಿಯರರು ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ಇದ್ದವರು. ಗಂಟೆ ಬಾರಿಸುತ್ತಾ ಬೀದಿ ಬೀದಿ ಸುತ್ತಿ ಮಕ್ಕಳನ್ನು ಧರ್ಮೋಪದೇಶಕ್ಕೆ ಕರೆದವರು. 1552ರ ಡಿಸೆಂಬರ್ 3ರಂದು ಚೀನಾದ ಹೊಸ್ತಿಲಿನ ದ್ವೀಪವೊಂದರಲ್ಲಿ ತೀರಿಕೊಂಡರು. ಇದೇ ಸಂತರು 1546ರಲ್ಲಿ ಪೋರ್ಚುಗಲ್ ಅರಸನಿಗೆ ಬರೆದ ಪತ್ರದಲ್ಲಿ ಗೋವೆಗೆ ಧರ್ಮವಿಚಾರಣಾ ನ್ಯಾಯಾಲಯ ಬೇಕೆಂದು ಕೇಳಿದ್ದರೆಂಬುದೂ ಇತಿಹಾಸ. ಅವರು ತೀರಿಕೊಂಡು ಎಂಟು ವರ್ಷಗಳ ಬಳಿಕ, 1560ರಲ್ಲಿ, ಅದು ಬಂತು. 1812ರವರೆಗೆ, ನಡುವೆ ಸ್ವಲ್ಪ ಕಾಲ ಬಿಟ್ಟು, ಅನೇಕರನ್ನು ಕಾಡಿತು. ಅದರ ಕಟ್ಟಡ ಪ್ರಧಾನಾಲಯದ ಬಳಿಯೇ ಇತ್ತು. ಇಂದು ಅಲ್ಲಿ ಒಂದು ಗೋಡೆಯೂ ಉಳಿದಿಲ್ಲ. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರ ಪೂರ್ವಿಕರು ಗೋವೆ ಬಿಟ್ಟು ಬಂದ ಕಾರಣಗಳಲ್ಲಿ ಬರ, ತೆರಿಗೆ, ಯುದ್ಧಗಳ ಜೊತೆಗೆ ಈ ಭಯವನ್ನೂ ಇತಿಹಾಸಕಾರರು ಸೇರಿಸುತ್ತಾರೆ. ಸಂತರೂ ತಮ್ಮ ಕಾಲದ ಮಕ್ಕಳೇ. ಅವರನ್ನು ಸಂತರನ್ನಾಗಿ ಮಾಡಿದ್ದು ಆ ಪತ್ರವಲ್ಲ, ಆಸ್ಪತ್ರೆಯ ರಾತ್ರಿಗಳು.

ಇನ್ನೊಬ್ಬರು ಸಂತ ಜೋಸೆಫ್ ವಾಝ್. ಗೋವೆಯ ಬಾಣಾವ್ಲಿಯಲ್ಲಿ 1651ರಲ್ಲಿ ಹುಟ್ಟಿದ ಇವರು 1681ರಿಂದ 1684ರವರೆಗೆ ಕೆನರಾದಲ್ಲಿ, ಅಂದರೆ ನಮ್ಮ ನಾಡಿನಲ್ಲೇ, ದುಡಿದರು. ಆಗ ಇಲ್ಲಿ ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆ. ಗೋವೆಗೆ ಮರಳಿ, ಹಳೇ ಗೋವಾದ ಗುಡ್ಡದ ಮೇಲೆ ಪವಾಡದ ಶಿಲುಬೆಯ ದೇವಾಲಯದ ಬಳಿ ಇದ್ದ ಗುರುಗಳ ಸಂಘವನ್ನು ಸೇರಿ ಮುನ್ನಡೆಸಿದರು. ಅನಂತರ, ಡಚ್ಚರು ಕಥೋಲಿಕರನ್ನು ಹಿಂಸಿಸುತ್ತಿದ್ದ ಶ್ರೀಲಂಕಾಕ್ಕೆ ಬಡವನ ವೇಷದಲ್ಲಿ ಹೋದರು. ಸೈನ್ಯವಿಲ್ಲ, ವೈಸ್‌ರಾಯನ ಬೆಂಬಲವಿಲ್ಲ. ತಮಿಳು, ಸಿಂಹಳ ಕಲಿತರು. ಕ್ಯಾಂಡಿಯಲ್ಲಿ ಸಿಡುಬು ಹಬ್ಬಿದಾಗ ಮನೆಯವರೇ ಬಿಟ್ಟುಹೋದ ರೋಗಿಗಳನ್ನು ಉಪಚರಿಸಿದರು. 1711ರ ಜನವರಿ 16ರಂದು ಅಲ್ಲೇ ಪ್ರಾಣಬಿಟ್ಟರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಜಗದ್ಗುರು ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಹಳೇ ಗೋವಾಕ್ಕೆ ಹೋದ ನಮ್ಮ ಬಸ್ಸುಗಳಲ್ಲಿ ಎಷ್ಟು ಜನ ಆ ಗುಡ್ಡ ಹತ್ತುತ್ತಾರೆ? ಇನ್ನು ಮುಂದೆ ಹತ್ತೋಣ.

ಝೇವಿಯರರು ಸಂತರೆಂದು ಘೋಷಿತರಾದದ್ದು 1622ರ ಮಾರ್ಚ್ 12ರಂದು. ಅದೇ ಮಾರ್ಚ್ 12ರಂದು, 2000ನೇ ಇಸವಿಯಲ್ಲಿ, ಎರಡನೆಯ ಜಾನ್ ಪಾಲ್ ರೋಮಿನ ಬಲಿಪೂಜೆಯಲ್ಲಿ ಕ್ರೈಸ್ತರು ಸತ್ಯದ ಹೆಸರಿನಲ್ಲಿ ಮಾಡಿದ ಹಿಂಸೆಗಾಗಿ ದೇವರ ಕ್ಷಮೆ ಬೇಡಿದರು. ಈ ಎರಡೂ ದಿನಗಳನ್ನು ಒಟ್ಟಿಗೆ ಹಿಡಿದುಕೊಂಡು ಗೋವೆಗೆ ಹೋಗೋಣ. ಜಲಪಾತದ ಮುಂದೆ ಸೃಷ್ಟಿಕರ್ತನಿಗೆ ಕೃತಜ್ಞತೆ ಹೇಳೋಣ. ದಿವಾರಿನ ಕಲ್ಲುಗಳ ಮುಂದೆ ಒಂದು ಕ್ಷಣ ಮೌನವಾಗಿ ತಲೆಬಾಗೋಣ. ಹಳೇ ಗೋವಾದಲ್ಲಿ ಇಬ್ಬರು ಸಂತರ ಪ್ರಾರ್ಥನೆಯನ್ನು ಬೇಡೋಣ. ಅರಮನೆಗಳು ಮಣ್ಣಾದವು, ನ್ಯಾಯಾಲಯದ ಗುರುತೂ ಇಲ್ಲ. ರೋಗಿಯ ಹಾಸಿಗೆಯ ಬಳಿ ಕುಳಿತವರ ಹೆಸರು ಉಳಿದಿದೆ. ಮಕ್ಕಳಿಗೆ ಗೋವೆಯಿಂದ ತರಬೇಕಾದ ಕಾಣಿಕೆ ಇದೇ. ಹಬ್ಬದ ಶುಭಾಶಯಗಳು.