ಬಿಟ್ಟು ಹೋದವರು ಯಾರು?

ಹೆಂಡತಿ ತವರಿಗೆ ಹೋಗಿ ಕುಳಿತರೆ 'ಗಂಡನನ್ನು ಬಿಟ್ಟಳು' ಎಂದು ಊರು ತೀರ್ಪು ಕೊಟ್ಟುಬಿಡುತ್ತದೆ. ಕಾನೂನು ಹಾಗೆ ಹೇಳುತ್ತದೆಯೇ? ನಮ್ಮ ಬಾಗಲಕೋಟೆ ಜಿಲ್ಲೆಯ ಇತಿಹಾಸದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕೋಣ.

ಜಮಖಂಡಿ ಮತ್ತು ಬನಹಟ್ಟಿ ಪಟವರ್ಧನರ ಸಂಸ್ಥಾನಕ್ಕೆ, ಮುಧೋಳ ಘೋರ್ಪಡೆಯವರಿಗೆ, ರಬಕವಿ ಸಾಂಗಲಿಗೆ ಸೇರಿದ್ದವು. ಬೀಳಗಿ ಮಾತ್ರ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಹೀಗಾಗಿ 1947ರ ಮುಂಬಯಿ ಹಿಂದೂ ವಿಚ್ಛೇದನ ಕಾಯ್ದೆ ಬೀಳಗಿಗೆ ಅನ್ವಯಿಸಿದರೂ ನೆರೆಯ ಸಂಸ್ಥಾನಗಳಲ್ಲಿ ತಾನಾಗಿ ನಡೆಯುತ್ತಿರಲಿಲ್ಲ. ಅವು ಮುಂಬಯಿಯಲ್ಲಿ ವಿಲೀನವಾದದ್ದು 1948ರಲ್ಲಿ.

ಕಾಯ್ದೆಗೆ ಮೊದಲು ಬಿಡುಗಡೆಯೇ ಇರಲಿಲ್ಲವೆಂದಲ್ಲ. ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಹಿರಿಯರ ಮುಂದೆ ಸೋಡಚೀಟಿ ಬರೆದು ಬೇರಾಗುವುದು, ಆ ಮೇಲೆ ಉಡಿಕೆಯಾಗುವುದು ರೂಢಿಯಲ್ಲಿತ್ತು. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ಇಂಥ ರೂಢಿಯ ಹಕ್ಕನ್ನು ಉಳಿಸಿಕೊಂಡಿದೆ. ಆದರೆ ರೂಢಿ ಉಂಟೆಂದು ಹೇಳುವವರೇ ಅದನ್ನು ಕೋರ್ಟಿನಲ್ಲಿ ರುಜುವಾತು ಮಾಡಬೇಕು.

1947ರ ಕಾಯ್ದೆಯಂತೆ ಸತತ 4 ವರ್ಷ ತೊರೆದಿದ್ದರೆ ವಿಚ್ಛೇದನ ಕೇಳಬಹುದಿತ್ತು. 1951ರಲ್ಲಿ ಮುಂಬಯಿಯ ಗಂಡನೊಬ್ಬ ಈ ಕಾರಣಕ್ಕೆ ದಾವೆ ಹೂಡಿದ. ತಾನು ತೊರೆದಿಲ್ಲ, ಮರಳಲು ಸಿದ್ಧಳಿದ್ದೆ ಎಂದು ಹೆಂಡತಿ ವಾದಿಸಿದಳು. ಅವಳನ್ನು ಕಳಿಸಬೇಡಿರೆಂದು ಗಂಡನೇ ತಂತಿ ಕಳಿಸಿದ್ದ! ಮೊದಲ ನ್ಯಾಯಾಧೀಶರು ವಿಚ್ಛೇದನ ಕೊಟ್ಟರೂ ಹೈಕೋರ್ಟಿನ ಪೀಠ ಅದನ್ನು ರದ್ದುಪಡಿಸಿತು. 1956ರಲ್ಲಿ ಸುಪ್ರೀಂ ಕೋರ್ಟು ಗಂಡನ ಅಪೀಲನ್ನು ವಜಾ ಮಾಡಿತು. ಮನೆ ಬಿಟ್ಟರಷ್ಟೇ ಸಾಲದು. ದಾಂಪತ್ಯವನ್ನು ಶಾಶ್ವತವಾಗಿ ಮುಗಿಸುವ ಉದ್ದೇಶವೂ ಇರಬೇಕು. ಅದನ್ನು ಸಿದ್ಧಪಡಿಸುವ ಹೊಣೆ ದಾವೆ ಹೂಡಿದವರದು. ಇಂದಿಗೂ ಕೋರ್ಟುಗಳು ಈ ತೀರ್ಪನ್ನು ಆಧರಿಸುತ್ತವೆ.

1955ರ ಕಾಯ್ದೆ 2 ವರ್ಷದ ಪರಿತ್ಯಾಗಕ್ಕೆ ನ್ಯಾಯಿಕ ಪ್ರತ್ಯೇಕತೆಯನ್ನಷ್ಟೇ ಕೊಟ್ಟಿತ್ತು. ಅದೇ ಕಾರಣಕ್ಕೆ ನೇರ ವಿಚ್ಛೇದನ ಸಿಕ್ಕಿದ್ದು 1976ರ ತಿದ್ದುಪಡಿಯಿಂದ. 2003ರ ತಿದ್ದುಪಡಿಯ ಬಳಿಕ ಹೆಂಡತಿ ತಾನು ವಾಸವಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ತವರು ಸೇರಿದವಳಿಗೆ ಇದು ಸಣ್ಣ ಅನುಕೂಲವಲ್ಲ.

ಹಿಂಸೆ ತಾಳಲಾರದೆ ಹೊಸ್ತಿಲು ದಾಟಿದವಳು ಕಾನೂನಿನ ಕಣ್ಣಲ್ಲಿ ತೊರೆದವಳಲ್ಲ. ಆಕೆಯನ್ನು ಹೊರಗೆ ಹೋಗುವಂತೆ ಮಾಡಿದ ಗಂಡನೇ, ಮನೆಯಲ್ಲೇ ಕುಳಿತಿದ್ದರೂ, ತೊರೆದವನು. ಪಂಚಾಯಿತಿಗೆ ಕೂರುವ ನಮ್ಮ ಹಿರಿಯರು ಮೊದಲು ಕೇಳಬೇಕಾದದ್ದು 'ಯಾರು ಹೋದರು' ಎಂದಲ್ಲ, 'ಏಕೆ ಹೋಗಬೇಕಾಯಿತು' ಎಂದು.