ಮಣ್ಣು ಮುಟ್ಟಲೂ ಒಂದು ದಿನ

ತಲಕಾವೇರಿಯಲ್ಲಿ ಹುಟ್ಟುವ ಕಾವೇರಿ ತನ್ನ ತವರು ಜಿಲ್ಲೆಯನ್ನು ಬಿಟ್ಟು ಹಾಸನ ಜಿಲ್ಲೆಯತ್ತ ಹೊರಡುವುದು ಶಿರಂಗಾಲದ ಬಳಿ. ಕುಶಾಲನಗರದಿಂದ ಉತ್ತರಕ್ಕೆ ಹೆಬ್ಬಾಲೆ, ತೊರೆನೂರು ದಾಟಿ ಬಂದರೆ ಸಿಗುವ ಈ ಊರು ಕೊಡಗಿನ ಕಟ್ಟಕಡೆಯ ಊರುಗಳಲ್ಲೊಂದು. ಕೊಡಗು ಎಂದೊಡನೆ ಕಣ್ಣಿಗೆ ಕಟ್ಟುವ ಮಂಜು ಮುಸುಕಿದ ಬೆಟ್ಟ, ಇಳಿಜಾರಿನ ಕಾಫಿ ತೋಟಗಳ ನೋಟ ಇಲ್ಲಿಯದಲ್ಲ. ಇಲ್ಲಿರುವುದು ಬಯಲು ಸೀಮೆಯನ್ನು ನೆನಪಿಸುವ ಹೊಲಗದ್ದೆ, ಹೊಳೆದಂಡೆ. 1956ರ ನವೆಂಬರ್ 1ರಂದು ಕೊಡಗು ರಾಜ್ಯವು ಮೈಸೂರು ರಾಜ್ಯದಲ್ಲಿ ವಿಲೀನವಾಗುವವರೆಗೂ ಇದು ಎರಡು ರಾಜ್ಯಗಳ ನಡುವಿನ ಗಡಿಯೂ ಆಗಿತ್ತು.

ಭಾಷೆ, ಬೆಳೆ, ನಡೆನುಡಿಗಳಲ್ಲಿ ಹಾಸನ ಹಾಗೂ ಮೈಸೂರು ಸೀಮೆಗಳಿಗೆ ಹತ್ತಿರವಿರುವ ಈ ಭಾಗದ ಊರುಗಳಲ್ಲಿ ಯುಗಾದಿಗೆ ಬೇವುಬೆಲ್ಲದಷ್ಟೇ ಮುಖ್ಯವಾದ ಇನ್ನೊಂದು ಆಚರಣೆಯಿದೆ. ಅದೇ ಹೊನ್ನಾರು.

ಹೊನ್ನಿನ ಉಳುಮೆ

ನೇಗಿಲಿಗೆ ಎತ್ತು ಕಟ್ಟಿ ಉಳುವುದಕ್ಕೆ ಹಳ್ಳಿಗಾಡಿನಲ್ಲಿ 'ಆರು ಹೂಡುವುದು', 'ಆರು ಕಟ್ಟುವುದು' ಎನ್ನುತ್ತಾರೆ. ಹೊನ್ನಿನಂಥ ಆರು ಎಂಬುದೇ 'ಹೊನ್ನಾರು'. ವರ್ಷದ ಮೊದಲ ಉಳುಮೆಗೆ ಇಟ್ಟ ಹೆಸರು ಇದು. ಯುಗಾದಿಯಂದು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೂವಿನಿಂದ ಸಿಂಗರಿಸಿ, ನೇಗಿಲು ನೊಗಗಳಿಗೆ ಪೂಜೆ ಸಲ್ಲಿಸುತ್ತಾರೆ. ಊರ ದೇವರ ಗುಡಿಯ ಮುಂದೆ ಎಲ್ಲರೂ ಕೂಡುತ್ತಾರೆ. ಆ ವರ್ಷದ ಮೊದಲ ಸಾಲನ್ನು ಯಾರು ಎಳೆಯಬೇಕೆಂಬುದನ್ನು ಪಂಚಾಂಗ ನೋಡಿ, ಹೆಸರುಬಲದ ಮೇಲೆ ನಿರ್ಧರಿಸುವ ರೂಢಿಯಿದೆ. ಆ ರೈತನ ನೇಗಿಲು ಮುಂದೆ, ಉಳಿದವರದು ಹಿಂದೆ. ಆಮೇಲೆ ಅವರವರು ತಮ್ಮ ತಮ್ಮ ಹೊಲದಲ್ಲಿ ನಾಲ್ಕು ಸುತ್ತು ಉತ್ತು ಮನೆಗೆ ಬರುತ್ತಾರೆ. ವಿವರಗಳು ಊರಿಂದ ಊರಿಗೆ ತುಸು ಬದಲಾಗುತ್ತವಾದರೂ ತಿರುಳು ಒಂದೇ.

ಈ ಆಚರಣೆಯನ್ನು ಕೇವಲ ಸಂಭ್ರಮವೆಂದು ನೋಡಿದರೆ ಅದರ ಅರ್ಧ ಮಾತ್ರ ಕಂಡಂತೆ. ಮೊದಲ ಸಾಲಿಗೆ ಒಂದು ದಿನ ಗೊತ್ತುಮಾಡುವುದೆಂದರೆ ಅದಕ್ಕೂ ಮುಂಚಿನ ದಿನಗಳಲ್ಲಿ ಹೊಸ ವರ್ಷದ ನೇಗಿಲು ನೆಲಕ್ಕಿಳಿಯಬಾರದು ಎಂದೇ ಅರ್ಥ. ಭೂಮಿಯನ್ನು ಮುಟ್ಟುವ ಮುನ್ನ ಕಾಯಬೇಕು, ಕೇಳಬೇಕು, ಒಬ್ಬನೇ ಅಲ್ಲ ಊರೆಲ್ಲ ಸೇರಿ ಶುರು ಮಾಡಬೇಕು. ನಮ್ಮ ನಾಡಿನ ಮಣ್ಣಿನ ಹಬ್ಬಗಳನ್ನು ಒಂದೊಂದಾಗಿ ಗಮನಿಸಿದರೆ ಅವುಗಳಲ್ಲಿ ಹೆಚ್ಚಿನವು 'ಮಾಡು' ಎನ್ನುವುದಕ್ಕಿಂತ 'ತಡೆ' ಎನ್ನುವ ಹಬ್ಬಗಳೇ ಎಂಬುದು ಗೊತ್ತಾಗುತ್ತದೆ.

ಹದಿನಾಲ್ಕು ದಿನಗಳ ಗಡಿಯಾರ

ಹೊನ್ನಾರಿನ ನಂತರ ರೈತನ ಕಣ್ಣು ಆಕಾಶದ ಮೇಲೆ. ಯುಗಾದಿ ಚಾಂದ್ರಮಾನದ ಹಬ್ಬವಾದ್ದರಿಂದ ಅದು ಮಾರ್ಚ್-ಏಪ್ರಿಲ್ ನಡುವೆ ಹಿಂದೆ ಮುಂದೆ ಸರಿಯುತ್ತದೆ. ಬಿತ್ತನೆಗೆ ಮಾತ್ರ ಈ ಸರಿದಾಟ ಒಗ್ಗದು. ಹೀಗಾಗಿ ಬೇಸಾಯಕ್ಕೆ ರೈತರು ಹಿಡಿದದ್ದು ಸೂರ್ಯನ ಲೆಕ್ಕ. ವರ್ಷದಲ್ಲಿ ಸೂರ್ಯ 27 ನಕ್ಷತ್ರಗಳನ್ನು ಹಾದುಹೋಗುತ್ತಾನೆ. ಒಂದೊಂದಕ್ಕೂ 13-14 ದಿನ. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ಮೇ ಎರಡನೇ ವಾರದಲ್ಲಿ ಕೃತ್ತಿಕಾ, ಜೂನ್ ಮೊದಲ ಭಾಗದಲ್ಲಿ ಮೃಗಶಿರಾ, ಜೂನ್ ಕೊನೆಗೆ ಆರಿದ್ರಾ, ಅಕ್ಟೋಬರ್ ಕೊನೆಗೆ ಸ್ವಾತಿ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಈ ದಿನಗಳು ಪ್ರತಿವರ್ಷ ಹೆಚ್ಚುಕಡಿಮೆ ಒಂದೇ ಕಡೆ ಬೀಳುತ್ತವೆ. ಅಂದರೆ ಅಕ್ಷರ ಬಾರದ ರೈತನ ಬಾಯಲ್ಲೂ ಕರಾರುವಾಕ್ಕಾದ ಒಂದು ಸೌರ ಕ್ಯಾಲೆಂಡರ್ ಇತ್ತು.

'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ', 'ಆರಿದ್ರಾ ಹೊಯ್ದರೆ ದರಿದ್ರ ಹೋಯಿತು' ಎಂಬಂಥ ಗಾದೆಗಳು ಈ ಕ್ಯಾಲೆಂಡರಿನ ಟಿಪ್ಪಣಿಗಳು. ಯಾವ ಮಳೆಗೆ ನೆಲ ಹದಗೊಳ್ಳುತ್ತದೆ, ಯಾವ ಮಳೆ ತಪ್ಪಿದರೆ ಬೆಳೆ ಕೈಕೊಡುತ್ತದೆ ಎಂಬ ತಲೆಮಾರುಗಳ ಅನುಭವ ಅಲ್ಲಿ ಅಡಗಿದೆ. ಯುಗಾದಿಗೆ ಉತ್ತ ನೆಲ ಸಡಿಲಗೊಂಡು, ಮುಂಗಾರಿಗೆ ಮುನ್ನ ಬೀಳುವ ಅಶ್ವಿನಿ, ಭರಣಿ ಮಳೆಯ ನೀರನ್ನು ಹೊರಗೆ ಹರಿಯಗೊಡದೆ ಹಿಡಿದುಕೊಳ್ಳುತ್ತದೆ ಎಂಬ ಲೆಕ್ಕಾಚಾರವೂ ಹೊನ್ನಾರಿನ ಬೆನ್ನಿಗಿದೆ. ಭಕ್ತಿ ಮತ್ತು ಬೇಸಾಯ ಇಲ್ಲಿ ಬೇರೆ ಬೇರೆಯಲ್ಲ.

ನಕ್ಷತ್ರ ನೋಡಿ ಮಣ್ಣಿನ ಕೆಲಸಕ್ಕೆ ಇಳಿಯುವುದು ನಮ್ಮಲ್ಲಿ ಮಾತ್ರ ಇರುವ ಪದ್ಧತಿಯೂ ಅಲ್ಲ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿಗಳು ಚಳಿಗಾಲದ ನಡುವೆ ಬೆಳಗಿನ ಜಾವ ಮೂಡುವ ಒಂದು ತಾರಾಗುಚ್ಛವನ್ನು 'ಮತಾರಿಕಿ' ಎಂದು ಕರೆದು, ಅದರ ದರ್ಶನದೊಂದಿಗೆ ಹೊಸ ವರ್ಷವನ್ನು ಆರಂಭಿಸುತ್ತಾರೆ. ಅದು ಬೇರೆ ಯಾವುದೂ ಅಲ್ಲ, ನಮ್ಮ ಕೃತ್ತಿಕೆಯೇ! 2022ರಿಂದ ಅಲ್ಲಿನ ಸರ್ಕಾರ ಈ ಹಬ್ಬಕ್ಕೆ ಸಾರ್ವಜನಿಕ ರಜೆ ನೀಡುತ್ತಿದೆ.

ಒಂದೇ ಜಿಲ್ಲೆ, ಎರಡು ಮಳೆ

ಶಿರಂಗಾಲದ ಕಡೆ ವರ್ಷಕ್ಕೆ ಬೀಳುವ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು. ಅದೇ ಜಿಲ್ಲೆಯ ಪಶ್ಚಿಮ ಅಂಚಿನ ಭಾಗಮಂಡಲದಲ್ಲಿ ಐದು ಸಾವಿರ ದಾಟುವುದುಂಟು. ಮಳೆ ಬೇರೆಯಾದಂತೆ ವರ್ಷದ ಲೆಕ್ಕವೂ ಬೇರೆ. ಕೊಡವರಿಗೆ ಹೊಸ ವರ್ಷ ಯುಗಾದಿಯಲ್ಲ, ಏಪ್ರಿಲ್ ನಡುವಿನಲ್ಲಿ ಬರುವ ಎಡಮ್ಯಾರ್ ತಿಂಗಳ ಮೊದಲ ದಿನ. ಆದರೆ ಅಂದು ಅವರೂ ಗದ್ದೆಗಿಳಿದು ಸಾಂಕೇತಿಕವಾಗಿ ಉಳುಮೆ ಮಾಡುತ್ತಾರೆ ಎಂಬುದು ಗಮನಿಸತಕ್ಕ ಸಂಗತಿ. ಜಿಲ್ಲೆಯ ಎರಡು ತುದಿಗಳಲ್ಲಿ ಪಂಚಾಂಗ ಎರಡಾದರೂ ಆರಂಭ ಮಾತ್ರ ನೇಗಿಲಿನಿಂದಲೇ.

ಅಲ್ಲಿಂದ ಮುಂದೆ ಕೊಡವರ ವರ್ಷ ಭತ್ತದ ಬೆನ್ನು ಹಿಡಿದು ಸಾಗುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕಕ್ಕಡ, ಬಿಡದೆ ಸುರಿವ ಮಳೆಯ ತಿಂಗಳು. ಕಕ್ಕಡದ 18ನೇ ದಿನ ಮದ್ದುಸೊಪ್ಪಿನ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡಿ ಉಣ್ಣುತ್ತಾರೆ. ಅಂದು ಆ ಸೊಪ್ಪಿಗೆ 18 ಬಗೆಯ ಔಷಧಗುಣ ಕೂಡಿರುತ್ತದೆ ಎಂಬುದು ನಂಬಿಕೆ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಆರಂಭದಲ್ಲಿ ಕೈಲ್‌ಪೊಳ್ದ್, ಅಂದರೆ ಆಯುಧಗಳಿಗೆ ಪೂಜೆ. ಅಕ್ಟೋಬರ್ ನಡುವೆ ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವ. ತೆನೆ ಬಲಿತ ಮೇಲೆ ನವೆಂಬರ್-ಡಿಸೆಂಬರಿನಲ್ಲಿ ಪುತ್ತರಿ.

ಪುತ್ತರಿಯ ದಿನವನ್ನು ಮನೆಯವರು ತಮ್ಮಷ್ಟಕ್ಕೆ ಗೊತ್ತುಮಾಡುವಂತಿಲ್ಲ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ರೋಹಿಣಿ ನಕ್ಷತ್ರ, ಹುಣ್ಣಿಮೆಗಳನ್ನು ನೋಡಿ ಕದಿರು ಕೊಯ್ಯುವ ದಿನ ಮತ್ತು ಗಳಿಗೆಯನ್ನು ಪ್ರಕಟಿಸುತ್ತಾರೆ. ಇಗ್ಗುತ್ತಪ್ಪ ಮಳೆಯ ದೇವರು, ಬೆಳೆಯ ದೇವರು. ಆ ಗಳಿಗೆಯಲ್ಲಿ ಗುಂಡು ಹಾರಿಸಿ, 'ಪೊಲಿ ಪೊಲಿ ದೇವಾ' ಎಂದು ಸಮೃದ್ಧಿಯನ್ನು ಕೂಗಿ ಕರೆದು ಮೊದಲ ಕದಿರನ್ನು ಕೊಯ್ದು ಮನೆಗೆ ತರುತ್ತಾರೆ. ಶಿರಂಗಾಲದಲ್ಲಿ ಉಳಲು ಒಂದು ದಿನವಾದರೆ ಕಕ್ಕಬ್ಬೆಯಲ್ಲಿ ಕೊಯ್ಯಲು ಒಂದು ದಿನ. ಎರಡರ ಹಿಂದೆಯೂ ಇರುವುದು ಕಾಯುವ ಶಿಸ್ತೇ.

ಬಸುರಿ ಭೂಮಿ, ಬಳಲಿದ ಭೂಮಿ

ಕೊಡಗಿನ ಗಡಿಯಾಚೆಗೂ ಈ ಶಿಸ್ತಿನ ಬೇರೆ ಬೇರೆ ರೂಪಗಳಿವೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳ ತುಳುವರು ಫೆಬ್ರುವರಿಯಲ್ಲಿ ಮೂರು ದಿನ 'ಕೆಡ್ಡಸ' ಆಚರಿಸುತ್ತಾರೆ. ಭೂಮಿತಾಯಿ ಋತುಮತಿಯಾಗುವ ದಿನಗಳೆಂದು ನಂಬಿ ಆ ಮೂರು ದಿನ ನೆಲ ಅಗೆಯುವುದಿಲ್ಲ, ಉಳುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಮಲೆನಾಡಿನಲ್ಲಿ ದಸರೆಯ ನಂತರದ ಹುಣ್ಣಿಮೆ 'ಭೂಮಿ ಹುಣ್ಣಿಮೆ'. ಪೈರು ಹೊಡೆ ತುಂಬಿದ ಆ ಹೊತ್ತಿನಲ್ಲಿ ಭೂಮಿ ಬಸುರಿ. ಚಿತ್ತಾರ ಬರೆದ ಬುಟ್ಟಿಯಲ್ಲಿ ಬಗೆಬಗೆಯ ಅಡುಗೆ ಹೊತ್ತು ಗದ್ದೆಗೆ ಹೋಗಿ ಆಕೆಗೆ ಬಯಕೆಯೂಟ ಬಡಿಸುತ್ತಾರೆ. ಉತ್ತರ ಕರ್ನಾಟಕದ ಸೀಗಿ ಹುಣ್ಣಿಮೆಯಲ್ಲಿ ಹೊಲಕ್ಕೆ ಚರಗ ಚೆಲ್ಲುವುದೂ ಇದೇ ಭಾವದಿಂದ. ಭೂಮಿ ಸ್ವತ್ತಲ್ಲ, ಜೀವ. ಆಕೆಗೂ ದಣಿವಿದೆ, ಹಸಿವಿದೆ ಎಂಬ ಎಣಿಕೆ ನಾಡಿನುದ್ದಕ್ಕೂ ಹರಡಿದೆ.

ಆದರೆ ನಂಬಿಕೆ ಇದ್ದಮಾತ್ರಕ್ಕೆ ನೆಲ ಉಳಿಯುತ್ತದೆಯೇ? ಈ ಪ್ರಶ್ನೆಗೆ ಕೊಡಗಿನ ದೇವರಕಾಡುಗಳು ಕಹಿ ಉತ್ತರ ಕೊಡುತ್ತವೆ. ಜಿಲ್ಲೆಯಲ್ಲಿ 1,214 ದೇವರಕಾಡುಗಳಿರುವ ಲೆಕ್ಕವಿದೆ. ಅಲ್ಲಿ ಮರ ಕಡಿಯಬಾರದು, ಬೇಟೆಯಾಡಬಾರದು ಎಂಬುದು ಅನಾದಿಯಿಂದ ಬಂದ ಕಟ್ಟಳೆ. 1905ರಲ್ಲಿ ಇವುಗಳ ಒಟ್ಟು ವಿಸ್ತೀರ್ಣ ಸುಮಾರು 6,300 ಹೆಕ್ಟೇರ್. 1985ರ ಹೊತ್ತಿಗೆ ಉಳಿದದ್ದು ಸುಮಾರು 2,550 ಹೆಕ್ಟೇರ್. ಎಂಬತ್ತು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾಡು ಕರಗಿತು. ದೇವರು ಬದಲಾಗಲಿಲ್ಲ, ಹಬ್ಬ ನಿಲ್ಲಲಿಲ್ಲ. ಕಾಫಿಗೆ ಬೆಲೆ ಬಂತು, ಒತ್ತುವರಿಯಾಯಿತು. ಹಬ್ಬದ ದಿನ ಕೈಮುಗಿಯುವುದಕ್ಕೂ ಉಳಿದ ದಿನ ಕೈ ತಡೆಯುವುದಕ್ಕೂ ಇರುವ ಅಂತರವನ್ನು ಈ ಅಂಕಿಗಳು ಹೇಳುತ್ತವೆ.

ಭೂಮಿ ಯಾರದು?

ಮಣ್ಣಿನ ನಂಟಿನ ಮಾತು ಬಂದಾಗ ಮಣ್ಣಿಲ್ಲದವರ ಮಾತನ್ನೂ ಆಡಲೇಬೇಕು. ಕೊಡಗಿನ ಕಾಡುಗಳನ್ನು ಎಲ್ಲರಿಗಿಂತ ಹತ್ತಿರದಿಂದ ಬಲ್ಲವರು ಜೇನುಕುರುಬರು. ಭತ್ತದ ಗದ್ದೆಗಳಲ್ಲಿ ತಲೆತಲಾಂತರ ದುಡಿದವರು ಯರವರು. ಮಳೆಗಾಲಕ್ಕೆ ಮುನ್ನ, ಮೇ ತಿಂಗಳಲ್ಲಿ ಗೋಣಿಕೊಪ್ಪಲು ಸಮೀಪದ ದೇವರಪುರದಲ್ಲಿ ಈ ಆದಿವಾಸಿಗಳು ಕುಂಡೆ ಹಬ್ಬ ಆಚರಿಸುತ್ತಾರೆ. ವೇಷ ಕಟ್ಟಿ, ಕುಣಿದು, ದೇವರನ್ನೂ ಎದುರಿಗೆ ಸಿಕ್ಕವರನ್ನೂ ಬೈಯುವ ಹಬ್ಬವಿದು. ಬೇಟೆಗೆಂದು ತಮ್ಮನ್ನು ಕರೆತಂದ ದೇವರು ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ಕಾಡಿನಲ್ಲೇ ಕೈಬಿಟ್ಟ ಎಂಬ ಕಥೆಯೇ ಈ ಬೈಗುಳಕ್ಕೆ ಕಾರಣ. ವರ್ಷವಿಡೀ ತಗ್ಗಿ ನಡೆದವರಿಗೆ ಒಂದು ದಿನದ ಬಾಯಿ ಬಿಡುಗಡೆ ಎಂದೂ ಇದನ್ನು ಓದಬಹುದು.

ಜೀತ ಪದ್ಧತಿಯನ್ನು ರದ್ದುಪಡಿಸುವ ಕಾನೂನು ಬಂದದ್ದು 1976ರಲ್ಲಿ. ಕಾಡಿನಲ್ಲಿ ಬಾಳಿದವರಿಗೆ ಆ ನೆಲದ ಮೇಲೆ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಉಳುವ ಮುನ್ನ ಭೂಮಿಯ ಅಪ್ಪಣೆ ಕೇಳುವ ನಾಡಿನಲ್ಲಿ, ಅದೇ ಭೂಮಿಯಲ್ಲಿ ದುಡಿದವರಿಗೆ ಹಕ್ಕಿನ ಮಾತು ಕಾನೂನಾಗಿ ಬರಲು ಇಷ್ಟು ಕಾಲ ಹಿಡಿಯಿತು ಎಂಬುದನ್ನು ಮರೆಯುವಂತಿಲ್ಲ.

ನಾಲೆ ಬಂದ ಮೇಲೆ

ಶಿರಂಗಾಲದ ಸೀಮೆಯಲ್ಲಿ ಕಾಲದ ಲೆಕ್ಕ ಬದಲಾದದ್ದು ನೀರಿನಿಂದ. ಕಾವೇರಿಯ ಉಪನದಿ ಹಾರಂಗಿಗೆ ಹುದುಗೂರಿನ ಬಳಿ ಕಟ್ಟಿದ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡಿತು. ನಾಲೆ ನೀರು ಹರಿದ ಕಡೆ ನಾಟಿಯ ದಿನವನ್ನು ನಿರ್ಧರಿಸುವುದು ನಕ್ಷತ್ರವಲ್ಲ, ನೀರು ಬಿಡುವ ದಿನಾಂಕವನ್ನು ಗೊತ್ತುಮಾಡುವ ನೀರಾವರಿ ಸಲಹಾ ಸಮಿತಿ. ಅದರೊಂದಿಗೆ ಟ್ರ್ಯಾಕ್ಟರ್ ಬಂತು, ಕೊಳವೆಬಾವಿ ಬಂತು, ಮುಸುಕಿನ ಜೋಳ, ಶುಂಠಿ ಬಂದವು. ಯಾವ ದಿನ ಬೇಕಾದರೂ ನೆಲ ಉಳಬಹುದಾಯಿತು. ಇದರಿಂದ ರೈತನ ಕೈಗೆ ನಾಲ್ಕು ಕಾಸು ಬಂದಿತೆಂಬುದನ್ನು ಅಲ್ಲಗಳೆಯಲಾಗದು. ಬರಿಯ ಆಕಾಶವನ್ನೇ ನಂಬಿ ಬಾಳಿದ ದಿನಗಳು ಸುಖದ ದಿನಗಳೇನೂ ಆಗಿರಲಿಲ್ಲ.

ಆದರೆ ಆಕಾಶವೂ ಈಗ ಮೊದಲಿನಂತಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಊರುಗಳನ್ನೇ ಹೊತ್ತೊಯ್ದವು. ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿತು. 2019ರಲ್ಲಿ ಮತ್ತೆ ನೆರೆ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟವೇ ಜಾರಿ ಪ್ರಧಾನ ಅರ್ಚಕರೂ ಸೇರಿದಂತೆ ಐವರು ಮಣ್ಣುಪಾಲಾದರು. ಹದಿನಾಲ್ಕು ದಿನಗಳಲ್ಲಿ ಹದವಾಗಿ ಬೀಳಬೇಕಾದ ಮಳೆ ಎರಡೇ ದಿನಗಳಲ್ಲಿ ಸುರಿದರೆ ಯಾವ ಗಾದೆಯೂ ದಾರಿ ತೋರದು. ಅತಿಮಳೆಯ ಜೊತೆಗೆ, ಇಳಿಜಾರುಗಳನ್ನು ಕಡಿದು ರಸ್ತೆ, ಕಟ್ಟಡಗಳಿಗೆ ನೆಲ ಮಟ್ಟ ಮಾಡಿದ್ದೂ ಅನಾಹುತಕ್ಕೆ ಕಾರಣವೆಂದು ತಜ್ಞರು ಹೇಳಿದರು. ಎಲ್ಲಿ, ಎಷ್ಟು ಮಣ್ಣು ಮುಟ್ಟಬೇಕೆಂಬ ಹಳೆಯ ಪ್ರಶ್ನೆ ಹೀಗೆ ಹೊಸ ಭಾಷೆಯಲ್ಲಿ ಮರಳಿ ಬಂದಿದೆ.

ಇದಕ್ಕೆ ಬೇರೆ ದೇಶಗಳು ಕಾನೂನಿನ ಉತ್ತರ ಹುಡುಕುತ್ತಿವೆ. ಬೊಲಿವಿಯಾ 2010ರಲ್ಲಿ ಭೂಮಿತಾಯಿಯ ಹಕ್ಕುಗಳ ಕಾನೂನು ತಂದಿತು. ನ್ಯೂಜಿಲೆಂಡ್ 2017ರಲ್ಲಿ ವಾಂಗನೂಯಿ ನದಿಗೆ ವ್ಯಕ್ತಿಯ ಸ್ಥಾನ ನೀಡಿತು. ಎರಡರ ಹಿಂದೆಯೂ ಅಲ್ಲಿನ ಮೂಲನಿವಾಸಿಗಳ ನಂಬಿಕೆಯಿದೆ. ಕಾವೇರಿಯನ್ನು ತಾಯಿ ಎಂದು ಕರೆಯುವ ನಮ್ಮಲ್ಲಿ ಅಂಥ ಕಾನೂನಿಲ್ಲ, ಇರುವುದು ಹಬ್ಬಗಳು.

ಕೊಡಗಿನಲ್ಲಿ ಎಷ್ಟೋ ಗದ್ದೆಗಳು ಇಂದು ಪಾಳು ಬಿದ್ದಿವೆ. ಕೂಲಿ ದುಬಾರಿ, ಕಾಡಾನೆ ಕಾಟ, ಭತ್ತಕ್ಕೆ ಬೆಲೆಯಿಲ್ಲ. ಸ್ವಂತ ಗದ್ದೆಯಲ್ಲಿ ಬೆಳೆ ಇಲ್ಲದ ಮನೆಯವರು ಪುತ್ತರಿಯಂದು ಬೇರೆಯವರ ಗದ್ದೆಯಿಂದ ಕದಿರು ತರುವುದುಂಟು. ಶಿರಂಗಾಲದ ಕಡೆ ಎತ್ತಿನ ಜೋಡಿ ಕಟ್ಟುವ ಮನೆಗಳು ಮೊದಲಿನಷ್ಟಿಲ್ಲ. ಆದರೂ ಕದಿರು ಮನೆಗೆ ಬರುತ್ತದೆ, ಹೊನ್ನಾರು ಹೂಡುತ್ತಾರೆ. ಆ ಒಂದು ದಿನ ಭೂಮಿಯ ಅಪ್ಪಣೆ ಕೇಳುವ ಪದ್ಧತಿ ಇನ್ನೂ ಬಿಟ್ಟುಹೋಗಿಲ್ಲ. ಉಳಿದ 364 ದಿನಗಳಲ್ಲಿ ಗುಡ್ಡ ಕಡಿಯುವಾಗ, ದೇವರಕಾಡಿನ ಬೇಲಿ ಸರಿಸುವಾಗ, ಹೊಳೆದಂಡೆಯ ಮೇಲೆ ಮನೆ ಎಬ್ಬಿಸುವಾಗ ಆ ಅಪ್ಪಣೆಯನ್ನು ಯಾರು ಕೇಳಬೇಕು ಎಂಬುದಷ್ಟೇ ಇನ್ನು ಇತ್ಯರ್ಥವಾಗಬೇಕಾದ ವಿಷಯ.