ಡೇವಿಡ್ ಕಿಂಗ್ ಯೂಡಾಲ್: ಒಬ್ಬ ಮಾರ್ಮನ್ ಕೃಷಿಕನ ಚರಿತ್ರೆ

ಅರಸರ ದಿಗ್ವಿಜಯಗಳೇ ಇತಿಹಾಸವೆಂದು ಭಾವಿಸುವವರು ಬಹುಮಂದಿ. ಆದರೆ ರಾಜಶಾಸನಕ್ಕೂ ಮತಶ್ರದ್ಧೆಗೂ ವಿರೋಧವುಂಟಾದಾಗ ಮನುಷ್ಯನ ಸಂಸಾರವು ಯಾವ ಪಾಡು ಪಡುವುದೆಂಬುದನ್ನು ತಿಳಿಯಬೇಕಾದರೆ, ನೇಗಿಲು ಹಿಡಿದು ಬಾಳಿದವರ ಚರಿತ್ರೆಯನ್ನೇ ನೋಡಬೇಕು. ಅಮೆರಿಕದ ಅರಿಜೋನಾ ಸೀಮೆಯಲ್ಲಿ ಕೃಷಿಕನೂ ಧರ್ಮಾಧಿಕಾರಿಯೂ ಆಗಿದ್ದ ಡೇವಿಡ್ ಕಿಂಗ್ ಯೂಡಾಲನ ಜೀವಿತವು ಅಂಥದೊಂದು.

1830ರಲ್ಲಿ ಜೋಸೆಫ್ ಸ್ಮಿತ್ತನು ಸ್ಥಾಪಿಸಿದ ಮಾರ್ಮನ್ ಪಂಥದವರು ನೆರೆಹೊರೆಯವರ ಹಿಂಸೆಯನ್ನು ತಾಳಲಾರದೆ ಪಶ್ಚಿಮಕ್ಕೆ ಹೊರಟು, 1847ರಲ್ಲಿ ಯೂಟಾ ಪ್ರದೇಶದಲ್ಲಿ ನೆಲೆಸಿದರು. ಊರಿನ ಸಭೆಯನ್ನು ನಡೆಯಿಸುವುದಕ್ಕೆ ಅವರಲ್ಲಿ ಸಂಬಳದ ಪುರೋಹಿತರಿಲ್ಲ. ರೈತನೋ ವರ್ತಕನೋ ತನ್ನ ಕಸುಬಿನೊಡನೆಯೇ ‘ಬಿಷಪ್’ ಪದವಿಯ ಭಾರವನ್ನೂ ಹೊರಬೇಕು. ಬಹುಪತ್ನೀತ್ವವು ಆ ಕಾಲದಲ್ಲಿ ಅವರಿಗೆ ಧರ್ಮಸಮ್ಮತವಾಗಿದ್ದಿತು.

ಯೂಡಾಲನು 1851ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ, ಇಂಗ್ಲೆಂಡಿನಿಂದ ಬಂದ ತಾಯಿತಂದೆಗಳಿಗೆ ಜನಿಸಿ, ಯೂಟಾದ ನೀಫೈ ಎಂಬ ಊರಿನಲ್ಲಿ ಬೆಳೆದನು. 1875ರಲ್ಲಿ ಲುಯೆಲ್ಲಾ ಸ್ಟುವರ್ಟ್ ಎಂಬುವಳನ್ನು ವರಿಸಿದನು. ಆಕೆಯು ತಂತಿ ವರ್ತಮಾನವನ್ನು ಕಳುಹಿಸುವ ಉದ್ಯೋಗದಲ್ಲಿ ನಿಪುಣಳು. 1880ರಲ್ಲಿ ಪಂಥದ ಹಿರಿಯರು ಆತನನ್ನು ಅರಿಜೋನಾದ ಸೇಂಟ್ ಜಾನ್ಸ್ ಗ್ರಾಮಕ್ಕೆ ಬಿಷಪ್ಪನನ್ನಾಗಿ ಕಳುಹಿಸಿದರು.

ಆ ಗ್ರಾಮದ ನೆಲವನ್ನು ಪಂಥವು ಹಸುಗಳನ್ನು ಬೆಲೆಯಾಗಿ ತೆತ್ತು ಕೊಂಡಿದ್ದಿತು. ಮೊದಲೇ ಅಲ್ಲಿದ್ದ ಮೆಕ್ಸಿಕನ್ ಜನರಿಗೂ ಹೊಸಬರಿಗೂ ನೆಲದ ವಿಷಯದಲ್ಲಿ ಕಲಹ ತಪ್ಪಲಿಲ್ಲ. ಲಿಟಲ್ ಕೊಲೊರಾಡೊ ನದಿಯೂ ಸುಲಭವಾಗಿ ವಶವಾಗತಕ್ಕದ್ದಲ್ಲ; ಒಮ್ಮೆ ಬತ್ತುವುದು, ಒಮ್ಮೆ ಉಕ್ಕಿ ಕಟ್ಟೆಗಳನ್ನು ಕೊಚ್ಚುವುದು. 1915ರಲ್ಲಿ ಲೈಮನ್ ಅಣೆಕಟ್ಟು ಒಡೆದು ಎಂಟು ಮಂದಿ ಮಡಿದರು. ಜನರು ಅದನ್ನು ಪುನಃ ಕಟ್ಟಿದರು.

1882ರ ಮಾರ್ಚಿಯಲ್ಲಿ ಅಮೆರಿಕದ ಸರ್ಕಾರವು ಎಡ್ಮಂಡ್ಸ್ ಶಾಸನದಿಂದ ಬಹುಪತ್ನೀತ್ವವನ್ನು ಕಠಿನವಾಗಿ ದಂಡಿಸಹೊರಟಿತು. ಮೇ ತಿಂಗಳಲ್ಲಿಯೇ ಯೂಡಾಲನು ಐಡಾ ಹಂಟ್ ಎಂಬುವಳನ್ನು ಎರಡನೆಯ ಪತ್ನಿಯಾಗಿ ಪರಿಗ್ರಹಿಸಿದನು. ವಿವಾಹಕ್ಕೆ ಮುಂಚೆ ಐಡಾಳು ಪತ್ರಮುಖೇನ ಲುಯೆಲ್ಲಾಳ ಅಭಿಮತವನ್ನು ಕೇಳಿದ್ದಳು. ಲುಯೆಲ್ಲಾಳು ತನ್ನ ವ್ಯಥೆಯನ್ನು ಮರೆಮಾಚದೆಯೇ ಒಪ್ಪಿಗೆಯಿತ್ತಳು. 1884ರಲ್ಲಿ ಅಧಿಕಾರಿಗಳು ಬೆನ್ನುಹತ್ತಲು, ಪತಿಗೆ ವಿರೋಧವಾಗಿ ಸಾಕ್ಷಿ ಹೇಳಬೇಕಾಗಬಾರದೆಂದು ಐಡಾಳು ಯೂಟಾಕ್ಕೆ ಹೋಗಿ ಅಡಗಿದಳು. ಎರಡು ವರ್ಷಗಳಿಗೆ ಮಿಕ್ಕಿದ ಆ ಅಜ್ಞಾತವಾಸದಲ್ಲಿಯೇ ಆಕೆಗೆ ಹೆಣ್ಣುಮಗುವೊಂದು ಹುಟ್ಟಿತು.

ಸಾಕ್ಷಿಯಿಲ್ಲದೆ ವಿವಾಹದ ಆರೋಪವು ನಿಲ್ಲಲಿಲ್ಲ. ಆದರೆ ಮೈಲ್ಸ್ ರಾಮ್ನಿ ಎಂಬವನ ಭೂಮಿಯ ಹಕ್ಕಿಗಾಗಿ ಯೂಡಾಲನು ಸುಳ್ಳು ಪ್ರಮಾಣ ಮಾಡಿದನೆಂದು ನ್ಯಾಯಸ್ಥಾನವು 1885ರ ಆಗಸ್ಟಿನಲ್ಲಿ ಮೂರು ವರ್ಷಗಳ ಸೆರೆಯನ್ನು ವಿಧಿಸಿ, ಆತನನ್ನು ದೂರದ ಡೆಟ್ರಾಯಿಟ್ ಕಾರಾಗೃಹಕ್ಕೆ ಕಳುಹಿಸಿತು. ಡಿಸೆಂಬರಿನಲ್ಲಿ ರಾಷ್ಟ್ರಾಧ್ಯಕ್ಷ ಕ್ಲೀವ್‌ಲೆಂಡನು ಕ್ಷಮಾದಾನವನ್ನಿತ್ತನು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಪತಿಯ ಸೆರೆಯು ಕೆಲವೇ ತಿಂಗಳುಗಳಲ್ಲಿ ಮುಗಿಯಿತು. ಗೋಡೆಗಳಿಲ್ಲದ ಐಡಾಳ ಸೆರೆಯು ವರ್ಷಗಟ್ಟಲೆ ನಡೆಯಿತು. ಆಕೆಗೆ ಕ್ಷಮಾದಾನವನ್ನು ಕೊಡುವವರಾರು? ಲುಯೆಲ್ಲಾಳಾದರೋ ಒಡೆಯನಿಲ್ಲದ ಮನೆಯನ್ನು ನಡೆಯಿಸಿದಳು. ಮತಕ್ಕಾಗಿ ಕಷ್ಟಪಟ್ಟವನೆಂಬ ಕೀರ್ತಿಯು ಪುರುಷನಿಗೆ ಸಂದಿತು. ಆ ಕೀರ್ತಿಯ ಋಣವನ್ನು ತೀರಿಸಿದವರು ಸ್ತ್ರೀಯರು.

ತರುವಾಯ ಯೂಡಾಲನು 1887ರಿಂದ 1922ರ ವರೆಗೆ, ಮೂವತ್ತೈದು ವರ್ಷಗಳ ಕಾಲ, ಹಲವು ಗ್ರಾಮಸಭೆಗಳನ್ನೊಳಗೊಂಡ ಮಂಡಲಕ್ಕೆ ಅಧ್ಯಕ್ಷನಾಗಿದ್ದನು. ಸಾಲದ ಹೊರೆಯನ್ನು ಹೊತ್ತು, ವ್ಯವಸಾಯದ ಜತೆಗೆ ಅಂಚೆ ಸಾಗಿಸುವ ಗುತ್ತಿಗೆಯನ್ನೂ ಹಿಡಿದು ಸಂಸಾರವನ್ನು ಪೋಷಿಸಿದನು. 1890ರಲ್ಲಿ ಪಂಥದ ಅಧ್ಯಕ್ಷನೇ ಬಹುಪತ್ನೀವಿವಾಹಗಳನ್ನು ನಿಲ್ಲಿಸುವಂತೆ ಪ್ರಕಟಣೆಯನ್ನು ಹೊರಡಿಸಿದನು. ಐಡಾಳು 1915ರಲ್ಲಿ ತೀರಿಕೊಂಡಳು. ಯೂಡಾಲನು 1938ರಲ್ಲಿ ಕಾಲವಾದನು. ಆತನ ಮೊಮ್ಮಗ ಸ್ಟುವರ್ಟ್ ಯೂಡಾಲನು 1961ರಿಂದ 1969ರ ವರೆಗೆ ಅಮೆರಿಕ ಸರ್ಕಾರದ ಸಚಿವನಾಗಿ, ದೇಶದ ನೆಲಜಲಗಳ ರಕ್ಷಣೆಗೆ ದುಡಿದನು.

ಐಡಾಳ ದಿನಚರಿಯು 1992ರಲ್ಲಿ ಅಚ್ಚಾಯಿತು. ಯೂಡಾಲನನ್ನು ಸಂತನೆಂದು ಹೊಗಳುವವರೂ, ಅಪರಾಧಿಯೆಂದು ಹಳಿಯುವವರೂ ಮೊದಲು ಅದನ್ನು ಓದಬೇಕು. ಧರ್ಮಸಂಕಟದಲ್ಲಿ ಒಬ್ಬನು ಯಾವ ಪಕ್ಷವನ್ನು ಹಿಡಿದನೆಂದು ಕೇಳಿದರೆ ಸಾಲದು. ಅದರ ಬೆಲೆಯನ್ನು ತೆತ್ತವರು ಯಾರೆಂದೂ ಇತಿಹಾಸವು ಕೇಳಬೇಕು.